ಇಪ್ಪತ್ತಕ್ಕೆ ಒಬ್ಬ ಕಡಿಮೆ
2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಒಟ್ಟಿಗೇ ಜಾರಿಗೆ ಬಂದಾಗ ಎಲ್ಲರ ಕಣ್ಣೂ ಸಂಬಳ, ಗ್ರಾಚ್ಯುಯಿಟಿ ಮೇಲಿತ್ತು. ಕೆಲಸಗಾರರ ಜೀವರಕ್ಷಣೆಯ ಸಂಹಿತೆಯನ್ನು ವಿಚಾರಿಸಿದವರು ಕಡಿಮೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ, ವಿದ್ಯುತ್ ಬಳಸುವ ಘಟಕ ಕಾರ್ಖಾನೆ ಅನ್ನಿಸಿಕೊಳ್ಳಲು 10 ಜನ ಸಾಕಿತ್ತು, ಈಗ 20 ಬೇಕು. ಬೆಂಗಳೂರಿನ ಪೀಣ್ಯದ ಅಡ್ಡರಸ್ತೆಗಳಲ್ಲಿರುವಂಥ ಸಣ್ಣ ಶೆಡ್ಡುಗಳಿಗೆ ಇದು ದೊಡ್ಡ ಸಂಗತಿ. ಅಲ್ಲಿನ ಅಪಾಯಕ್ಕೆ ಒಂದು ಉದಾಹರಣೆ: ಎರಡೂ ಕೈ ಗುಂಡಿಗಳ ಮೇಲಿದ್ದರಷ್ಟೇ ಪವರ್ ಪ್ರೆಸ್ ಕೆಳಗಿಳಿಯಬೇಕು. ಪೀಸ್ ಲೆಕ್ಕದ ಅವಸರಕ್ಕೆ ಒಂದು ಗುಂಡಿಗೆ ಟೇಪ್ ಸುತ್ತಿ ಒತ್ತಿಯೇ ಇಟ್ಟರೆ ಬೆರಳು ಹೋಗಲು ಕ್ಷಣ ಸಾಕು. ಕನಿಷ್ಠ ಹತ್ತು ಜನರಿದ್ದ ಕಡೆ ಮಾಲೀಕರ ಸಾಮಾನ್ಯ ಹೊಣೆ ಉಳಿದಿದೆ, ನಿಜ. ಆದರೆ ಆ ಟೇಪನ್ನು ನೋಡುವವರು ಯಾರು? ಇನ್ಸ್‌ಪೆಕ್ಟರ್ ಈಗ ‘ಇನ್ಸ್‌ಪೆಕ್ಟರ್ ಕಮ್ ಫೆಸಿಲಿಟೇಟರ್’, ಅಂದರೆ ತಪಾಸಕರೂ ಹೌದು, ಸಹಾಯಕರೂ ಹೌದು. ಎಲ್ಲಿಗೆ ಹೋಗಬೇಕೆಂಬುದನ್ನು ಕಂಪ್ಯೂಟರ್ ಆರಿಸುತ್ತದೆ. (ಲಂಚ ತಗ್ಗುತ್ತದೆ ಎನ್ನುವ ವಾದ ಪೂರ್ತಿ ಸುಳ್ಳಲ್ಲ ಬಿಡಿ.) ಮೆಚ್ಚಬೇಕಾದ್ದೂ ಇದೆ: ಮಾಲೀಕರು ಹೊಣೆ ತಪ್ಪಿ ಸಾವು ಸಂಭವಿಸಿದರೆ 2 ವರ್ಷದವರೆಗೆ ಜೈಲು, ಇಲ್ಲವೇ ಕನಿಷ್ಠ 5 ಲಕ್ಷ ರೂಪಾಯಿ ದಂಡ, ಅಥವಾ ಎರಡೂ, ದಂಡದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನು ವಾರಸುದಾರರಿಗೆ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಸತ್ತವನು ಅಲ್ಲೇ ದುಡಿಯುತ್ತಿದ್ದ ಎನ್ನುವುದಕ್ಕೆ ಮೊದಲು ಪುರಾವೆ ಬೇಕಲ್ಲ! ನೇಮಕಾತಿ ಪತ್ರ ಕಡ್ಡಾಯವಾಗಿರುವುದು ಅದಕ್ಕೇ ಮುಖ್ಯ. ಶೆಡ್ಡಿನ ಮಾಲೀಕರು ಎಷ್ಟು ಜನಕ್ಕೆ ಕೊಡುತ್ತಾರೋ ನೋಡಬೇಕು.