ರಾಜ್ಯಪ್ರಾಣಿಗೆ ಮೇವೆಲ್ಲಿ?

ಗೋವಾದ ರಾಜ್ಯಪ್ರಾಣಿ ಯಾವುದೆಂದು ತರಗತಿಯಲ್ಲಿ ಕೇಳಿದರೆ ಮಕ್ಕಳು ‘ಕಾಡುಕೋಣ’ ಎಂದು ಥಟ್ಟನೆ ಹೇಳುತ್ತಾರೆ. ಅದು ಏನು ತಿಂದು ಬದುಕುತ್ತದೆಂದರೆ ಸುಮ್ಮನಾಗುತ್ತಾರೆ. ತಪ್ಪು ಮಕ್ಕಳದಲ್ಲ, ಹೆಸರು ಕಲಿಸಿದ ನಾವು ಹುಲ್ಲಿನ ಮಾತೆತ್ತಲಿಲ್ಲ.

ಇದನ್ನು ‘ಇಂಡಿಯನ್ ಬೈಸನ್’ ಎಂದು ಕರೆಯುವುದುಂಟು. ಅಮೆರಿಕದ ಬೈಸನ್ ಬೇರೆಯೇ ಪ್ರಾಣಿ. ಅಲ್ಲಿನ ಹುಲ್ಲುಗಾವಲಲ್ಲಿ ಕೋಟಿಗಟ್ಟಲೆ ಇದ್ದ ಬೈಸನ್ 1880ರ ದಶಕದ ಕೊನೆಗೆ ಬೇಟೆಯಿಂದ ಸುಮಾರು ಸಾವಿರಕ್ಕಿಳಿಯಿತು. ನಮ್ಮ ಕಾಡುಕೋಣಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಆದರೆ ಕಾಯ್ದೆ ಹೊಟ್ಟೆ ತುಂಬಿಸದು. ಕಾಡಿನ ಬಯಲುಗಳನ್ನು ಲಂಟಾನ, ಕಮ್ಯುನಿಸ್ಟ್ ಕಳೆ ಆವರಿಸಿದರೆ ಮೇವು ಕಡಿಮೆಯಾಗಿ ಹಿಂಡು ತೋಟಕ್ಕಿಳಿಯುತ್ತದೆ. 2023ರ ಮಾರ್ಚಿನಲ್ಲಿ ಮಹದಾಯಿ ಅಭಯಾರಣ್ಯಕ್ಕೆ ಬಿದ್ದ ಬೆಂಕಿಯನ್ನೂ ನಾವು ಮರೆತಿಲ್ಲ.

ಸತ್ತರಿ, ಸಾಂಗೆಯ ಗೇರುತೋಟದ ರೈತನಿಗೆ ಪ್ರಾಣಿದಯೆ ಉಪದೇಶಿಸುವುದು ಪೇಟೆಯಲ್ಲಿರುವ ನಮಗೆ ಸುಲಭ. ಬೆಳೆ ಕಳೆದುಕೊಂಡವನಿಗೆ ಪರಿಹಾರ ಬೇಗ ಸಿಗಬೇಕು. ಕಳೆ ಕಿತ್ತು ಹುಲ್ಲು ಬೆಳೆಸುವ ಕೆಲಸದ ಕೂಲಿ ಕಾಡಂಚಿನ ಊರವರಿಗೇ ದೊರೆಯಬೇಕು. ಆಗ ಕಾಡುಕೋಣ ಸರಕಾರದ್ದಷ್ಟೇ ಅಲ್ಲ, ಊರಿನದೂ ಆದೀತು.

ಪಾಲಕರಲ್ಲಿ ನಮ್ಮ ವಿನಂತಿ: ದನ ಸಾಕಿದವರು ಕಾಲುಬಾಯಿ ಬೇನೆಯ ಲಸಿಕೆ ತಪ್ಪಿಸಬೇಡಿ, ಆ ರೋಗ ಕಾಡಿಗೂ ದಾಟುತ್ತದೆ. ಬೇಸಿಗೆಯಲ್ಲಿ ಒಣಹುಲ್ಲಿನ ಮೇಲೆ ಉರಿಯುವ ಬೀಡಿ ಎಸೆಯಬೇಡಿ. ಮಕ್ಕಳು ನೋಡಿ ಕಲಿಯುವುದು ಅದನ್ನೇ.