ಅಪ್ಪನ ಜೇಬಿನಲ್ಲಿದ್ದ ತರಗತಿ
ಕೊರೊನಾದಿಂದ ಶಾಲೆ ಮುಚ್ಚಿದ್ದ 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರು ಕಡೆಯ ಒಂದು ಚಿತ್ರ ದೇಶವಿಡೀ ಓಡಾಡಿತು: ಮಳೆಯಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುವ ಮಗಳು, ಕೊಡೆ ಹಿಡಿದು ನಿಂತ ಅಪ್ಪ. ಸಿಗ್ನಲ್ ಇಲ್ಲದ ಹಳ್ಳಿಯ ಆ ಕಷ್ಟ ಕಣ್ಣಿಗೆ ಕಾಣುವಂಥದ್ದು. ಮಂಗಳೂರು ನಗರದ್ದು ಫೋಟೋಕ್ಕೆ ಸಿಗುವ ಕಷ್ಟವಲ್ಲ. ಇಲ್ಲಿ ಟವರ್ ಇತ್ತು, ಆದರೆ ಎಷ್ಟೋ ಮನೆಗಳಲ್ಲಿ ಹಗಲು ಹೊತ್ತು ಮೊಬೈಲ್ ಇರಲಿಲ್ಲ. ಬಂದರಿಗೋ ಕಟ್ಟಡದ ಕೆಲಸಕ್ಕೋ ಹೊರಟ ಅಪ್ಪನ ಜೇಬಿನಲ್ಲಿ ಅದೂ ಹೊರಟಿರುತ್ತಿತ್ತು. ಬೆಳಗಿನ ಪಾಠ ಮಕ್ಕಳಿಗೆ ದಕ್ಕುತ್ತಿದ್ದದ್ದು ರಾತ್ರಿ ಊಟದ ಹೊತ್ತಿಗೆ. ಮಕ್ಕಳಿಬ್ಬರಿದ್ದರೆ ಸರದಿ, ಜಗಳ. ನಡುವೆ ಕರೆಂಟು ಹೋದರೆ ಅವತ್ತಿಗೆ ಮುಗಿಯಿತು. ಮೇಲಿನವರೂ ಒಂದು ಮಾತಿಗೆ ನಿಲ್ಲಲಿಲ್ಲ: 2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಐದನೆಯ ತರಗತಿವರೆಗೆ ಆನ್‌ಲೈನ್ ಬೇಡವೆಂದಿತು, ಜುಲೈಯಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು, ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಹೇಳಲು ಆಗಸ್ಟ್‌ನಲ್ಲಿ ಶುರುವಾದ ‘ವಿದ್ಯಾಗಮ’ ಅಕ್ಟೋಬರ್‌ನಲ್ಲಿ ನಿಂತಿತು. ಚಂದನ ವಾಹಿನಿಯ ‘ಸಂವೇದ’ ಪಾಠಗಳು ಟಿವಿ ಇದ್ದವರ ಕೈ ಹಿಡಿದವು, ನಿಜ. ಪೋಷಕರು ಪಕ್ಕದಲ್ಲೇ ಕೂತು ಕಲಿಸಬೇಕು ಎಂಬ ಸಲಹೆಯಂತೂ ಆಗ ಧಾರಾಳವಾಗಿ ಸಿಗುತ್ತಿತ್ತು. ಕೊಟ್ಟವರು ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುವ ಅಮ್ಮಂದಿರನ್ನು ನೋಡಿರಲಿಕ್ಕಿಲ್ಲ. ಟೀಚರುಗಳ ಪಾಡು ಬೇರೆ. ಹಗಲು ಪಾಠ, ರಾತ್ರಿ ವಾಟ್ಸ್ಆ್ಯಪಿಗೆ ಬಂದು ಬೀಳುವ ನೋಟ್‌ಬುಕ್ಕಿನ ಫೋಟೋಗಳು. ಅರ್ಧ ಮಸುಕು, ಇನ್ನರ್ಧ ತಲೆಕೆಳಗು. ನನ್ನ ಲೆಕ್ಕದಲ್ಲಿ ಆ ಎರಡು ವರ್ಷ ನಿಜಕ್ಕೂ ಪಾಠ ನಡೆಸಿದವರು ವೀಡಿಯೊ ಕಳಿಸಿ ಕೈ ತೊಳೆದುಕೊಂಡವರಲ್ಲ. ಅಪ್ಪ ಮನೆ ಸೇರುವ ಹೊತ್ತು ಕೇಳಿಟ್ಟುಕೊಂಡು, ಆಗ ಫೋನ್ ಮಾಡಿ, ಮಗುವಿನಿಂದ ಒಂದು ಪುಟ ಗಟ್ಟಿಯಾಗಿ ಓದಿಸಿದವರು.