ಮನೆಯ ಹಳೆ ಕಾರಿಗೆ ಯಾವ ಫಿಲ್ಟರ್?



ತಿಪಟೂರಿನ ಕಡೆಯ ಓದುಗರೊಬ್ಬರು ಬರೆದಿದ್ದಾರೆ. ತಂದೆಯವರ ಕಾಲದ ಪ್ರೀಮಿಯರ್ ಪದ್ಮಿನಿ ಮನೆಯಲ್ಲಿದೆ. ಬಾನೆಟ್ ಒಳಗಿನ ಗುಂಡನೆಯ ತಗಡಿನ ಡಬ್ಬಿ ಕಿತ್ತುಹಾಕಿ, ಫಳಫಳ ಹೊಳೆಯುವ ಗೋಪುರದಾಕಾರದ ಫಿಲ್ಟರ್ ಕೂರಿಸಬೇಕೆಂದು ಮಗನ ಹಟ. "ನನಗೇನೂ ತಿಳಿಯದು, ಆದರೂ ಅಪ್ಪನ ಗಾಡಿಯ ಡಬ್ಬಿಯನ್ನು ಗುಜರಿಗೆ ಹಾಕಲು ಮನಸ್ಸು ಬಾರದು. ಮಗನಿಗೆ ಏನು ಹೇಳಲಿ?" ಎಂದು ಕೇಳಿದ್ದಾರೆ.

ಡಬ್ಬಿ ಕೊಡಬೇಡಿ. ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ; ಮೂಲ ಇಟಲಿಯ ಫಿಯೆಟ್ 1100. ಅದರ ತಯಾರಿಕೆ ನಿಂತು ಇಪ್ಪತ್ತು ವರ್ಷದ ಮೇಲಾಯಿತು. ಒಳಗಿನ ಕಾಗದದ ಫಿಲ್ಟರ್ ಹುಡುಕಿದರೆ ಸಿಕ್ಕೀತು. ಡಬ್ಬಿ ಹೋದರೆ ಮತ್ತೆ ಗುಜರಿಯನ್ನೇ ಜಾಲಾಡಬೇಕು.

ಒಂದು ಲೀಟರ್ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕಂತೆ ನೋಡಿ! ನಮ್ಮ ಕೆಂಪು ಮಣ್ಣಿನ ರಸ್ತೆಯಲ್ಲಿ ಅಷ್ಟು ಗಾಳಿಯ ಜೊತೆ ಎಷ್ಟು ಧೂಳು ಹೋದೀತು, ನೀವೇ ಲೆಕ್ಕ ಹಾಕಿ. ಆ ಧೂಳು ಇಂಜಿನ್ನಿನೊಳಗೆ ಹೊಕ್ಕರೆ ಉಪ್ಪುಕಾಗದದಿಂದ ಉಜ್ಜಿದ ಹಾಗೆ ಸವೆಸುತ್ತದೆ. ಡಬ್ಬಿಗೆ ಇನ್ನೂ ಎರಡು ಕೆಲಸವಿದೆ. ಕಾರ್ಬುರೇಟರ್ ಕಡೆಗೆ ಬೆಂಕಿ ಹಿಮ್ಮೆಟ್ಟಿ ಸಿಡಿದರೆ ತಡೆಯುವುದು. ಇಂಜಿನ್ನಿನ ಎಣ್ಣೆಹೊಗೆಯನ್ನು ಸಣ್ಣ ರಬ್ಬರ್ ಪೈಪಿನಿಂದ ಒಳಗೆ ಸೆಳೆದುಕೊಳ್ಳುವುದು. ಹೊಳೆಯುವ ಫಿಲ್ಟರ್ ಹಾಕಿದಾಗ ಆ ಪೈಪನ್ನು ಕೆಲವರು ಸುಮ್ಮನೆ ಜೋತು ಬಿಡುತ್ತಾರೆ, ಕೆಲವರು ಬಿರಡೆ ಹಾಕಿ ಮುಚ್ಚುತ್ತಾರೆ. ಮುಚ್ಚಿದರೆ ಒಳಗೆ ಒತ್ತಡ ಹೆಚ್ಚಿ ಸಂದುಗೊಂದಿನಲ್ಲೆಲ್ಲ ಎಣ್ಣೆ ಜಿನುಗುತ್ತದೆ. ಗಾಳಿಯ ಹದ ಬದಲಾದರೆ ಕಾರ್ಬುರೇಟರಿನ ಜೆಟ್ಟನ್ನೂ ಬದಲಿಸಬೇಕಾಗಬಹುದು. ಅಷ್ಟೆಲ್ಲ ಮಾಡಿ ಸಿಗುವುದು ಹೆಚ್ಚಾಗಿ ಭುರ್ರೆನ್ನುವ ಸದ್ದು. ಹುಡುಗರಿಗೆ ಬೇಕಾದದ್ದೂ ಅದೇ ಅನ್ನಿ!

ಹೊಸ ಕಾಗದದ ಫಿಲ್ಟರ್ ಕೊಳ್ಳಲು ಹೋಗುವಾಗ ಹಳೆಯದನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿರಿ. ಬೆಂಗಳೂರಿನ ಜೆ.ಸಿ. ರಸ್ತೆಯಾದರೂ ಸರಿ, ನಿಮ್ಮೂರ ಸ್ಪೇರ್ಸ್ ಅಂಗಡಿಯಾದರೂ ಸರಿ, "ಫಿಯೆಟ್ಟಿನದು" ಎಂದರೆ ಸಾಲದು. ಹೊರಸುತ್ತು, ಒಳಸುತ್ತು, ಎತ್ತರ ಮೂರನ್ನೂ ಹಳೆಯದರ ಪಕ್ಕದಲ್ಲಿಟ್ಟು ನೋಡಿ. ಎತ್ತರ ಒಂದಿಷ್ಟು ಕಡಿಮೆಯಾದರೂ ಮುಚ್ಚಳ ಬಿಗಿಯಾಗಿ ಕೂತಂತೆ ಕಾಣುತ್ತದೆ, ಧೂಳು ಮಾತ್ರ ಮೇಲಿಂದ ನುಸುಳುತ್ತಲೇ ಇರುತ್ತದೆ. ಇದನ್ನು ತಿಳಿಯಲು ಒಂದು ಉಪಾಯ: ಮುಚ್ಚಳದ ಒಳಭಾಗಕ್ಕೆ ಬಳಪದ ಪುಡಿ ಸವರಿ, ಮುಚ್ಚಿ, ತೆಗೆಯಿರಿ. ಫಿಲ್ಟರಿನ ರಬ್ಬರ್ ಅಂಚಿನ ಮೇಲೆ ಬಿಳಿ ಗೆರೆ ಎಲ್ಲೂ ತುಂಡಾಗದೆ ಸುತ್ತಲೂ ಬಿದ್ದಿರಬೇಕು. ಆಮೇಲೆ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿಬಿಡಿ.

ಹಳೆಯದೇ ಇನ್ನೂ ನಡೆದೀತೇ ಎಂಬ ಅನುಮಾನವಿದ್ದರೆ ಒಳಗೆ ಬಲ್ಬು ಹಿಡಿದು ನೋಡಿ. ಬೆಳಕು ಹೊರಗೆ ಕಾಣದಿದ್ದರೆ ಬಿಸಾಡಿ. ಚುಕ್ಕಿಯಷ್ಟು ತೂತು ಕಂಡರೂ ಬಿಸಾಡಿ. ಕಟ್ಟಿಕೊಂಡ ಫಿಲ್ಟರಿಗೆ ಗುರುತು ಕಪ್ಪು ಹೊಗೆ, ಪ್ಲಗ್ಗಿನ ಮೇಲೆ ಮಸಿ, ಪೆಟ್ರೋಲಿನ ಖರ್ಚು. ಕಾಗದದ್ದನ್ನು ನೀರಿನಲ್ಲಿ ತೊಳೆಯಲೇಬಾರದು, ಎಣ್ಣೆಯನ್ನೂ ಸವರಬಾರದು. ಮೆಲ್ಲಗೆ ತಟ್ಟಿದರೆ ಸಾಕು.

ರಬ್ಬರ್ ಪೈಪನ್ನು ಬಗ್ಗಿಸಿ ನೋಡಿ. ಬಿರುಕಿದ್ದರೆ ಬದಲಿಸಿ, ಟೇಪು ಸುತ್ತಿ ಕಾಲ ಹಾಕಬೇಡಿ. ಡಬ್ಬಿ ಮತ್ತು ಕಾರ್ಬುರೇಟರ್ ನಡುವಿನ ವಾಷರ್ ಗಟ್ಟಿಯಾಗಿದ್ದರೆ ಅದನ್ನೂ ಬದಲಿಸಿ.

ತಿಪಟೂರಿನ ಸೋದರಿ, ಮಗನ ಉತ್ಸಾಹವನ್ನು ತಣ್ಣಗಾಗಿಸಬೇಡಿ. ಡಬ್ಬಿಯನ್ನು ಉಜ್ಜಿ ಅವನಿಗಿಷ್ಟವಾದ ಬಣ್ಣ ಬಳಿಯಲಿ. ಆದರೆ ಹೊರಗಡೆ ಮಾತ್ರ; ಒಳಗೆ ಬಳಿದರೆ ಚಕ್ಕೆ ಎದ್ದು ಇಂಜಿನ್ನಿಗೇ ಹೋಗುತ್ತದೆ. ಡಬ್ಬಿ ಹೊರಗಿರುವಷ್ಟು ಹೊತ್ತು ಕಾರ್ಬುರೇಟರಿನ ಬಾಯಿಗೆ ಉಪ್ಪಿನಕಾಯಿ ಜಾಡಿಗೆ ಕಟ್ಟುವಂತೆ ಶುಭ್ರವಾದ ಬಟ್ಟೆ ಕಟ್ಟಿಡಿ. ಗಾಡಿ ಚಾಲೂ ಮಾಡುವ ಮುಂಚೆ ಬಟ್ಟೆ ಬಿಚ್ಚಲು ಅವನಿಗೆ ನೆನಪು ಮಾಡಿ.